ಐನೂರು ರೂಪಾಯಿಯ ಹೊಸತೊಡಕು

ಕೋಗಿಲು, ಬೆಂಗಳೂರು
೧೩ ಏಪ್ರಿಲ್ ೨೦೨೫, ಭಾನುವಾರ

ಪ್ರೀತಿಯ ಸೊಸೆ ದಿವ್ಯಾ,

ದೆಹಲಿಯಲ್ಲಿ ಬಜೆಟ್ ಬರೆಯುವವರು ಪ್ರತಿ ವರ್ಷ ಜನವರಿಯಲ್ಲಿ ನಿನ್ನ ಸೋದರಮಾವನಿಗೆ ಫೋನ್ ಮಾಡಿ, "ವೆಂಕಟಸ್ವಾಮಿಗಳೇ, ಈ ಸಲ ತೊಗರಿಬೇಳೆಯನ್ನು ಎಷ್ಟಕ್ಕೆ ನಿಲ್ಲಿಸೋಣ?" ಎಂದು ಕೇಳುತ್ತಾರೆ ಅನ್ನುವುದು ನಿನಗೆ ಗೊತ್ತೇ ಇದೆ. ಈ ವರ್ಷ ನಾನು ರೀಚಾರ್ಜ್ ಮಾಡಿಸಿರಲಿಲ್ಲ, ಅವರಿಗೆ ನಾನು ಸಿಗಲಿಲ್ಲ, ಅದಕ್ಕೇ ದೇಶ ಹೀಗಾಗಿದೆ. ಇರಲಿ. ನೀನು ಹೇಗಿದ್ದೀಯ? ರಾಯಚೂರಿನ ಬಿಸಿಲು ಈಗಲೇ ನಲವತ್ತು ದಾಟಿದೆ ಅಂತ ಟೀವಿಯಲ್ಲಿ ತೋರಿಸಿದರು. ನೈಟ್ ಡ್ಯೂಟಿ ಮುಗಿಸಿ ಬಂದ ತಕ್ಷಣ ಮಲಗಬೇಡ, ಒಂದು ಲೋಟ ಮಜ್ಜಿಗೆ ಕುಡಿದು ಮಲಗು. ರೋಗಿಗಳಿಗೆ ಹೇಳುವ ಬುದ್ಧಿಯನ್ನು ನರ್ಸಮ್ಮನವರು ತಮಗೂ ಸ್ವಲ್ಪ ಹೇಳಿಕೊಳ್ಳಬೇಕು. ಇಲ್ಲಿ ನಿಮ್ಮಮ್ಮನಿಗೆ ಮಂಡಿ ನೋವು ಮೊದಲಿನಷ್ಟಿಲ್ಲ. ನಮ್ಮ ಹಿಂದಿನ ಕೋಣೆಯಲ್ಲಿ ಕೂತು, ಜೂನ್ ತಿಂಗಳಲ್ಲಿ ನೀನು ಬಂದ ಮೇಲೆ ಹೊಸ ಮನೆಯಲ್ಲಿ ದೇವರ ಗೂಡು ಯಾವ ಕಡೆ ಇಡಬೇಕು ಅಂತ ದಿನಾ ನನ್ನ ತಲೆ ತಿನ್ನುತ್ತಾಳೆ. ಆ ಬಾಡಿಗೆ ಮನೆಯನ್ನು ಅವಳು ಈಗಾಗಲೇ ಮೂರು ಸಲ ಹೋಗಿ ನೋಡಿ ಬಂದಿದ್ದಾಳೆ. ಮಾಲೀಕನಿಗೆ ಅವಳನ್ನು ಕಂಡರೆ ಈಗ ಭಯ.

ಫೋನಿನಲ್ಲಿ ಹೇಳುವುದನ್ನು ಬಿಟ್ಟು ಕಾಗದ ಯಾಕೆ ಅಂತ ನೀನು ಹುಬ್ಬು ಏರಿಸುತ್ತೀಯ. ನಮ್ಮ ಮನೆಯಲ್ಲಿ ಫೋನ್ ಬಂದರೆ ನಿಮ್ಮತ್ತೆ ಸ್ಪೀಕರ್ ಹಾಕಿಸುತ್ತಾಳೆ, ನಿಮ್ಮಮ್ಮ ಪಕ್ಕಕ್ಕೆ ಬಂದು ಕೂರುತ್ತಾಳೆ, ಇಬ್ಬರ ನಡುವೆ ನನ್ನ ಬಾಯಿಂದ ನಿಜ ಹೊರಡುವುದು ಕಷ್ಟ. ಹೋದ ಭಾನುವಾರ ನೀನು ಕೇಳಿದೆಯಲ್ಲ, "ಮಾವ, ಟ್ರಾನ್ಸ್‌ಫರ್ ಆರ್ಡರ್ ಬಂತು. ನಿಮ್ಮ ಹತ್ರ ಇಟ್ಟಿರೋ ಒಂದು ಲಕ್ಷ ಹಂಗೇ ಇದೆ ತಾನೆ? ಜೂನಲ್ಲಿ ಅಡ್ವಾನ್ಸ್ ಕಟ್ಬೇಕು" ಅಂತ. ಕಲ್ಲಿನ ಹಾಗೆ ಇದೆ ಕಣಮ್ಮ ಅಂದೆ. ಹಾಗನ್ನುವ ಮೊದಲು ಒಂದು ಸಲ ಕೆಮ್ಮಿದೆ. ನೀನು ತಕ್ಷಣ "ಕಫ ಇದೆಯಾ ಮಾವ?" ಅಂದೆ. ಕಫ ಇರಲಿಲ್ಲ. ಆ ದುಡ್ಡಿನ ವಿಷಯಕ್ಕೇ ಬರುತ್ತಿದ್ದೇನೆ. ಆದರೆ ಅದಕ್ಕಿಂತ ಮೊದಲು ನಮ್ಮ ಬೀದಿಯ ಹೊಸತೊಡಕಿನ ಚೀಟಿಯ ಕಥೆ ಹೇಳದಿದ್ದರೆ ನಿನಗೆ ತಲೆಬುಡ ತಿಳಿಯುವುದಿಲ್ಲ.

ನೀನು ಆರು ವರ್ಷದಿಂದ ಹೊರಗಿರುವವಳು, ಮರೆತಿರಬಹುದು. ನಮ್ಮ ಬೀದಿಯ ಇಪ್ಪತ್ತನಾಲ್ಕು ಮನೆಯವರು ಯುಗಾದಿಗೆ ಮುಂಚಿನ ಹತ್ತು ತಿಂಗಳು, ತಿಂಗಳಿಗೆ ಇಷ್ಟು ಅಂತ ನನ್ನ ಕೈಗೆ ಚೀಟಿ ದುಡ್ಡು ಕಟ್ಟುತ್ತಾರೆ. ಯುಗಾದಿಯ ಮಾರನೇ ದಿನ, ಅಂದರೆ ಹೊಸತೊಡಕಿನ ಬೆಳಗ್ಗೆ, ಆ ದುಡ್ಡಿನಲ್ಲಿ ತಂದ ಕುರಿಗಳನ್ನು ಕಡಿದು, ಬಾಳೆ ಎಲೆಯ ಮೇಲೆ ಮನೆಗೊಂದು ಗುಡ್ಡೆಯಂತೆ ಬಾಡನ್ನು ಸಮನಾಗಿ ಹಾಕುತ್ತೇವೆ. ತೊಡೆ, ಈಲಿ, ಮೂಳೆ, ಎಲ್ಲವೂ ಎಲ್ಲರಿಗೂ. ಸೈಟು ಮಾರಿ ಮೂರು ಮಹಡಿ ಕಟ್ಟಿಸಿದವನ ಗುಡ್ಡೆಯೂ, ಅವನ ಮನೆಯ ಬಾಡಿಗೆದಾರನ ಗುಡ್ಡೆಯೂ ಒಂದೇ ಅಳತೆ. ಈ ಊರಲ್ಲಿ ಬೇರೆ ಯಾವುದನ್ನೂ ಹಾಗೆ ಹಂಚುವುದಿಲ್ಲ ನೋಡು.

ಹೋದ ವರ್ಷ ಯುಗಾದಿ ಮುಗಿದ ಮೇಲೆ ಹೊಸ ಚೀಟಿ ಎತ್ತುವಾಗ, ರಿಟೈರ್ಡ್ ಬಸ್ ಡ್ರೈವರ್ ರಾಮಕೃಷ್ಣಪ್ಪ ಎದ್ದು ನಿಂತು, "ಮಟನ್ ರೇಟು ಏರ್ತಾ ಐತೆ. ತಿಂಗಳಿಗೆ ಐನೂರು ಸಾಲಲ್ಲ, ಆರುನೂರು ಮಾಡ್ರಪ್ಪ" ಅಂದ. ಅವನು ಹೇಳಿದ್ದು ಸರಿಯಾದ ಮಾತೇ. ಆದರೆ ಅವನು ರಾಮಕೃಷ್ಣಪ್ಪ. ಅವನು ಇಲ್ಲಿನ ಸರ್ಕಾರದ ಕಡೆ, ನಾನು ದೆಹಲಿ ಸರ್ಕಾರದ ಕಡೆ. ಮೂವತ್ತು ವರ್ಷದಿಂದ ಒಂದೇ ಟೀ ಅಂಗಡಿಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂರುವವರು ನಾವು. ಬೆಲೆ ಏರುತ್ತದೆ ಅಂತ ಒಪ್ಪಿಕೊಂಡರೆ ನಮ್ಮ ಪಕ್ಷವನ್ನು ಅವನ ಕಾಲ ಬುಡಕ್ಕೆ ಹಾಕಿದ ಹಾಗಾಗುತ್ತದೆ ಅನ್ನಿಸಿತು. ಅದಕ್ಕೇ ಎಲ್ಲರೆದುರು ಎದೆ ತಟ್ಟಿ, "ಬೆಲೆ ಇಳಿಯುತ್ತೆ ಕಣಯ್ಯ! ಅದೇ ಐನೂರು, ಅದೇ ಆರು ಕೆಜಿ ಗುಡ್ಡೆ. ಕಮ್ಮಿಯಾದರೆ ನನ್ನ ಕೈಯಿಂದ ಹಾಕ್ತೀನಿ" ಅಂದುಬಿಟ್ಟೆ. ಹೆಂಗಸರು ಚಪ್ಪಾಳೆ ತಟ್ಟಿದರು. ನಿಮ್ಮತ್ತೆ ಅಂಜಿನಮ್ಮ ಮಾತ್ರ ತಟ್ಟಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ ಇಷ್ಟೇ ಕೇಳಿದಳು: "ಏರಿದ್ದನ್ನ ಏರಿದೆ ಅನ್ನೋಕೆ ನಿಮ್ಮ ಬಾಯಿಗೆ ಯಾರ ಪರ್ಮಿಶನ್ ಬೇಕ್ರಿ?"

ದಸರಾ ಹೊತ್ತಿಗೆ ಬೆಲೆ ಇಳಿಯುವ ಸೂಚನೆ ಕಾಣಲಿಲ್ಲ. ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಕುರಿ ಕಾಯುವ ವಂಶದವನು ಅಂಗಡಿಯ ರೇಟಿಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಸಂತೆಗೆ ಹೋಗಿ ಹತ್ತು ಟಗರು ಮರಿ ತಂದೆ, ಒಂದಕ್ಕೆ ಎಂಟೂವರೆ ಸಾವಿರ. ಆರು ತಿಂಗಳು ಮೇಯಿಸಿದರೆ ಯುಗಾದಿಗೆ ಒಂದೊಂದೂ ಕರುವಿನಷ್ಟಾಗುತ್ತದೆ, ಗುಡ್ಡೆಗೆ ಆರರ ಬದಲು ಏಳು ಕೆಜಿ ಹಾಕಿ ರಾಮಕೃಷ್ಣಪ್ಪನ ಮುಖ ನೋಡಬೇಕು ಅಂತ ಆಸೆ. ಚೀಟಿಯಲ್ಲಿ ಆಗ ಅಷ್ಟು ದುಡ್ಡು ಕೂಡಿರಲಿಲ್ಲ. ಸ್ವಲ್ಪ ಕಮ್ಮಿ ಬಿತ್ತು. ನಿನ್ನ ಒಂದು ಲಕ್ಷ ಇಟ್ಟಿದ್ದ ಕವರಿನಿಂದ ಸ್ವಲ್ಪ ತೆಗೆದೆ. ಸ್ವಲ್ಪವೇ.

ಮರಿ ತಂದ ಮೇಲೆ ನೆನಪಾಯಿತು, ಮೇಯಿಸುವುದಕ್ಕೆ ನೆಲ ಎಲ್ಲಿದೆ? ನಮ್ಮಪ್ಪ ಐವತ್ತು ಕುರಿ ಬಿಡುತ್ತಿದ್ದ ಜಾಗದಲ್ಲಿ ಈಗ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟ್ ನಿಂತಿದೆ. ಗೊತ್ತಿರಲಿಲ್ಲ ಅಂತಲ್ಲ, ದಿನಾ ಅದರ ನೆರಳಿನಲ್ಲೇ ಓಡಾಡುತ್ತೇನೆ. ಆದರೂ ಕುರಿ ಅಂದಾಗ ನನ್ನ ಕಣ್ಣಿಗೆ ಬಂದದ್ದು ಆ ಹಳೆಯ ಬಯಲೇ. ಕಾಂಪೌಂಡಿನ ಪಕ್ಕದ ಹುಲ್ಲಿಗೆ ಬಿಟ್ಟರೆ ನನ್ನ ಜಾಣ ಮರಿಗಳು ಒಳಗೆ ನುಗ್ಗಿ ಹೂಗಿಡಗಳನ್ನೇ ತಿಂದವು. ಸೆಕ್ಯುರಿಟಿ ಶಿವಪುತ್ರ ನಿಮ್ಮ ರಾಯಚೂರು ಕಡೆಯವನೇ, ಓಡಿ ಬಂದು, "ಯಜಮಾನ್ರ, ಹಿಡಕೊಳ್ರಿ ಇವನ್ನ, ನನ್ನ ಪಗಾರ ತಿನ್ನಾಕ ಹತ್ಯಾವ!" ಅಂದ. ಅವತ್ತಿನಿಂದ ಮನೆಯ ಹಿಂದೆ ತಗಡಿನ ಶೀಟು ಹಾಕಿ ಕಟ್ಟಿದೆ. ಬೂಸಾ, ಹಿಂಡಿ, ಹುಲ್ಲು ಎಲ್ಲವೂ ದುಡ್ಡು ಕೊಟ್ಟೇ. ಅದರ ಬೆಲೆಯೂ ಏರುತ್ತಿತ್ತು. ಬೆಲೆಯಿಂದ ತಪ್ಪಿಸಿಕೊಳ್ಳಲು ಕುರಿ ತಂದೆ, ಬೆಲೆ ಕುರಿಯ ಬಾಯೊಳಗಿನಿಂದ ಬಂದು ನನ್ನನ್ನು ಹಿಡಿಯಿತು. ಎರಡು ಮರಿ ಡಿಸೆಂಬರ್ ಚಳಿಗೆ ಹೋದವು. ಉಳಿದವು ತಿಂದದ್ದೆಲ್ಲ ಎಲ್ಲಿ ಇಟ್ಟುಕೊಂಡವೋ, ಮೈಗಂತೂ ಹತ್ತಲಿಲ್ಲ.

ಟೀ ಅಂಗಡಿಯಲ್ಲಿ ನಾನು ಎಷ್ಟು ಸಲ ಭಾಷಣ ಮಾಡಿದ್ದೇನೆ ನಿನಗೆ ಗೊತ್ತು: ಹೆಂಗಸರ ಅಕೌಂಟಿಗೆ ಎರಡು ಸಾವಿರ ಹಾಕಿ ಸರ್ಕಾರ ಜನರನ್ನು ಸೋಮಾರಿ ಮಾಡುತ್ತಿದೆ ಅಂತ. ಜನವರಿಯಲ್ಲಿ ಒಂದು ದಿನ ಹಾಗೆಯೇ ಜೋರಾಗಿ ಮಾತಾಡುತ್ತಿದ್ದಾಗ ಬೂಸಾ ಅಂಗಡಿಯ ಮುಬಶ್ಶಿರ್ ಬೈಕ್ ನಿಲ್ಲಿಸಿ, "ಅಂಕಲ್, ಬಾಕಿಗೆ ಆಂಟಿ ಎರಡು ಸಾವಿರ ಕೊಟ್ರು, ಗೃಹಲಕ್ಷ್ಮಿ ಬಂತಂತೆ. ಇನ್ನೊಂದು ಮೂಟೆ ಕಳಿಸ್ಲಾ?" ಅಂದ. ರಾಮಕೃಷ್ಣಪ್ಪ ಟೀ ಲೋಟ ಕೆಳಗಿಟ್ಟು ನಿಧಾನವಾಗಿ ನನ್ನ ಕಡೆ ತಿರುಗಿದ. ಮೂವತ್ತು ವರ್ಷದಲ್ಲಿ ಮೊದಲ ಸಲ ಮುಖಾಮುಖಿ. "ಏನಣ್ಣೋ, ಸೋಮಾರಿಯಾಗಿರೋದು ನಿನ್ನ ಕುರಿಗಳಾ?" ಅಂದ. ಮನೆಗೆ ಬಂದು ನಿಮ್ಮತ್ತೆಯ ಮೇಲೆ ರೇಗಿದೆ. ಅವಳು ರೇಗಲಿಲ್ಲ. ನಾಲ್ಕು ತಿಂಗಳಿಂದ ಅವಳೇ ಬಾಕಿ ತೀರಿಸುತ್ತಿದ್ದಳಂತೆ, ನಾನು ಬೀದಿಯಲ್ಲಿ ತಲೆ ತಗ್ಗಿಸಬಾರದು ಅಂತ.

ಇನ್ನೊಂದು ಸಂಗತಿ ಇದೆ, ಅದು ಇದಕ್ಕಿಂತ ಆಳಕ್ಕೆ ಇಳಿದಿದೆ. ನಮ್ಮದೇ ಮುಂದಿನ ಮನೆಯಲ್ಲಿ ಬಾಡಿಗೆಗಿರುವ ಟೈಲರ್ ರಮಾ ಗೊತ್ತಲ್ಲ, ನಿನ್ನ ಯೂನಿಫಾರ್ಮ್ ಹೊಲಿದು ಕೊಟ್ಟವಳು. ಅವಳು ಸಂಕ್ರಾಂತಿ ಆದಮೇಲೆ ಬಂದು ಚೀಟಿ ಬಿಡುತ್ತೇನೆ ಅಂದಳು. ನನಗೆ ತಡೆಯಲಾಗಲಿಲ್ಲ, ದೆಹಲಿಯದ್ದು ಬಿಟ್ಟು ಇಲ್ಲಿನದೆಲ್ಲ ಹೇಳಿದೆ: ಬಸ್ ಚಾರ್ಜ್ ಏರಿತು, ಇನ್ನು ಮೆಟ್ರೋನೂ ಏರುತ್ತದಂತೆ, ಬಡವರು ಹೇಗೆ ಬದುಕಬೇಕು ಅಂತ. ಅವಳು ಪೂರ್ತಿ ಕೇಳಿಸಿಕೊಂಡು, "ನಂಗೆ ಬಸ್ಸು ಫ್ರೀ ಅಣ್ಣ. ಮೆಟ್ರೋ ಹತ್ತಲ್ಲ. ನೀವು ಹೊಸ ವರ್ಷಕ್ಕೆ ಬಾಡಿಗೆ ಐನೂರು ಏರಿಸಿದ್ರಲ್ಲ, ಅದಕ್ಕೆ ಚೀಟಿ ಐನೂರು ಬಿಟ್ಟೆ" ಅಂದಳು. ಜಗಳದ ದನಿಯಲ್ಲ, ಬಟ್ಟೆಯ ಅಳತೆ ಹೇಳುವ ದನಿ. ಬೆಲೆ ಏರಿಸಿದವರನ್ನು ನಾನು ದೆಹಲಿಯಲ್ಲೂ ವಿಧಾನಸೌಧದಲ್ಲೂ ಹುಡುಕುತ್ತಿದ್ದೆ ಕಣಮ್ಮ. ಅವಳ ಪಾಲಿಗೆ ಅವನು ಇದೇ ಬಾಗಿಲಲ್ಲಿ ಪಂಚೆ ಉಟ್ಟುಕೊಂಡು ನಿಂತಿದ್ದ.

ಕೊನೆಗೂ ಹೊಸತೊಡಕು ಬಂತು. ನಾನು ಮಾಡಿದ ದೊಡ್ಡ ತಪ್ಪು ಏನೆಂದರೆ, ವರ್ಷವಿಡೀ ಕ್ಯಾಲೆಂಡರಿನಲ್ಲಿ ಯುಗಾದಿ ಮಾತ್ರ ನೋಡಿದ್ದು. ಈ ಸಲ ಹೊಸತೊಡಕೂ ರಂಜಾನ್ ಹಬ್ಬವೂ ಒಂದೇ ಸೋಮವಾರ ಬಿದ್ದಿದ್ದವು. ಬೆಂಗಳೂರಿಗೆಲ್ಲ ಒಂದೇ ದಿನ ಮಟನ್ ಬೇಕು! ನಮ್ಮ ಎಂಟು ಟಗರು ಕಡಿದು ತೂಗಿದರೆ ಆಗಬೇಕಾದ್ದಕ್ಕೆ ನಲವತ್ತು ಕೆಜಿಗಿಂತ ಜಾಸ್ತಿ ಕೊರತೆ. ಬೀದಿಯವರೆಲ್ಲ ಪಾತ್ರೆ ಹಿಡಿದು ಬರುವ ಹೊತ್ತು. ನಮಾಜ್ ಮುಗಿಸಿ ಹೊಸ ಜುಬ್ಬಾದಲ್ಲಿದ್ದ ಮಟನ್ ಅಂಗಡಿ ಸರ್ದಾರನನ್ನು ಕೈ ಹಿಡಿದು ಕರೆತಂದೆ. ನೇತು ಹಾಕಿದ್ದ ನನ್ನ ಟಗರುಗಳನ್ನು ನೋಡಿ ಅವನು, "ಏನಣ್ಣ ಇದು, ಕುರಿ ಸಾಕಿದ್ಯೋ ಬೆಕ್ಕು ಸಾಕಿದ್ಯೋ?" ಅಂದ. ಆದರೂ ತನ್ನ ಗಿರಾಕಿಗಳನ್ನು ನಿಲ್ಲಿಸಿ ಬೇಕಾದಷ್ಟು ಕಡಿದುಕೊಟ್ಟ, ಕೆಜಿಗೆ ಒಂಬೈನೂರು. ಚೌಕಾಶಿ ಮಾಡಲು ನನಗೆ ಬಾಯಿ ಬರಲಿಲ್ಲ.

ಗುಡ್ಡೆ ಹಾಕಿದೆವು. ಆರು ಕೆಜಿ, ಒಂದು ತುಂಡೂ ಕಮ್ಮಿಯಿಲ್ಲ. ರಾಮಕೃಷ್ಣಪ್ಪ ತಾನೇ ತಕ್ಕಡಿ ಹಿಡಿದು ನೋಡಿ, "ನೀನು ಹೇಳ್ದಂಗೇ ಆಯ್ತಲ್ಲೋ" ಅಂದ, ಅವನ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. ನಾನು ಮೀಸೆ ತಿರುವಿದೆ. ಹೆಂಗಸರು ಸಾಲಿನಲ್ಲಿ ನಿಂತು ನಾಳೆಯಿಂದ ಹಾಲು ನಾಲ್ಕು ರೂಪಾಯಿ ಜಾಸ್ತಿ ಅಂತ ಮಾತಾಡುತ್ತಿದ್ದರು. ರಾಮಕೃಷ್ಣಪ್ಪ ಆ ಮಾತು ಕೇಳಿಸದವನ ಹಾಗೆ ಆಕಾಶ ನೋಡಿದ. ವಾರ ಕಳೆದ ಮೇಲೆ ಗ್ಯಾಸ್ ಸಿಲಿಂಡರ್ ಐವತ್ತು ಏರಿದಾಗ ಆಕಾಶ ನೋಡುವ ಸರದಿ ನನ್ನದಾಯಿತು. ಆ ಸಾಲಿನಲ್ಲಿ ಒಬ್ಬಳೂ ಯಾವ ಪಕ್ಷದ ಹೆಸರನ್ನೂ ಎತ್ತಲಿಲ್ಲ ದಿವ್ಯಾ. ಇವರು ಕೊಟ್ಟದ್ದೆಷ್ಟು, ಅವರು ಕಿತ್ತುಕೊಂಡದ್ದೆಷ್ಟು, ಅವರು ಕೊಟ್ಟದ್ದೆಷ್ಟು, ಇವರು ಕಿತ್ತುಕೊಂಡದ್ದೆಷ್ಟು ಅಂತ ಎರಡನ್ನೂ ಒಟ್ಟಿಗೇ ಇಟ್ಟು ನೋಡುತ್ತಿದ್ದರು. ಕೋಗಿಲಿನ ಓಟೆಲ್ಲ ನನ್ನ ಜೇಬಿನಲ್ಲಿದೆ ಅಂತ ಇಷ್ಟು ವರ್ಷ ಹೇಳಿಕೊಂಡು ತಿರುಗಿದೆನಲ್ಲ, ನನ್ನ ಮನೆಯ ಓಟೇ ನನ್ನ ಜೇಬಿನಲ್ಲಿಲ್ಲ. ನಿಮ್ಮತ್ತೆಯನ್ನು ಕೇಳಿದೆ, ಹೋದ ಸಲ ಯಾರಿಗೆ ಹಾಕಿದೆ ಅಂತ. "ಕುರಿಗೆ ಬೂಸಾ ಹಾಕಿದ್ದೀನಿ, ಸಾಲದಾ?" ಅಂದಳು.

ರಮಾಳ ಮನೆಗೂ ಒಂದು ಗುಡ್ಡೆ ಕಳಿಸಿದೆ, ಚೀಟಿ ಬಿಟ್ಟಿದ್ದರೂ. ಅವಳು ಪಾತ್ರೆ ಹಿಡಿದು ವಾಪಸ್ ಬಂದು, "ಫ್ರೀ ಕೊಟ್ಟು ಆಮೇಲೆ ಓಟು ಕೇಳ್ತೀರಾ ಅಣ್ಣ?" ಅಂತ ನಕ್ಕಳು. ಮಗನಿಗೆ ಒಂದು ಹೊತ್ತಿಗಾಗುವಷ್ಟು ಎತ್ತಿಕೊಂಡು ಉಳಿದದ್ದನ್ನು ಎಲೆಯ ಮೇಲೆ ಇಟ್ಟು ಹೋದಳು. ಆ ರಾತ್ರಿ ಊಟ ನನಗೆ ಸೇರಲಿಲ್ಲ. ನಿಮ್ಮಮ್ಮ ನನ್ನ ಪಾಲನ್ನೂ ತಿಂದು, ಬಾಡು ಮೆತ್ತಗಿದೆ, ಸಾಕಿದ ಕೈ ಒಳ್ಳೆಯದು ಅಂದಳು.

ಒಟ್ಟಿನಲ್ಲಿ ಈ ವರ್ಷದ ಚೀಟಿಯಲ್ಲಿ ನನಗೆ ಒಂದೈದಾರು ಸಾವಿರ ಕೈ ಬಿಟ್ಟಿರಬಹುದು, ಅಷ್ಟೇ. ನೀನು ತಲೆಗೆ ಹಚ್ಚಿಕೊಳ್ಳಬೇಡ. ಮುಂದಿನ ವರ್ಷದ ಚೀಟಿಗೆ ಏಳುನೂರು ಅಂತ ನಾನೇ ಹೇಳಿದ್ದೇನೆ, ರಾಮಕೃಷ್ಣಪ್ಪ ಹೇಳುವುದಕ್ಕೆ ಮೊದಲೇ. ನಿಮ್ಮತ್ತೆ ನಿನಗೆ ಕಡಲೆಕಾಯಿ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ. ನಿಮ್ಮಮ್ಮ ನೀನು ತೆಳ್ಳಗಾಗಿದ್ದೀಯ ಅಂತ ಫೋನಿನ ದನಿಯಲ್ಲೇ ಕಂಡುಹಿಡಿದಿದ್ದಾಳೆ. ಮೈ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು, ನಿನ್ನ ಕೈಯಿಂದ ಗುಣವಾದವರ ಹಾರೈಕೆಯೆಲ್ಲ ನಿನ್ನನ್ನು ಕಾಯಲಿ.

ನಿನ್ನ ತಲೆ ಸವರುವ,
ಮಾವ ವೆಂಕಟಸ್ವಾಮಿ

ತಾ.ಕ.: ಕವರಿಗೆ ಅಂಟು ಹಚ್ಚುವ ಮೊದಲು ಬರೆಯುತ್ತಿದ್ದೇನೆ. ನಿಮ್ಮತ್ತೆ ಹಾಲು ತರಲು ಹೋಗಿದ್ದಾಳೆ, ಬರುವಷ್ಟರಲ್ಲಿ ಮುಗಿಸಬೇಕು. ಐದಾರು ಸಾವಿರ ಅಂದದ್ದು ಸುಳ್ಳು. ಬೀದಿಯಲ್ಲಿ ಲಾಭವಾಯಿತು ಅಂದಿದ್ದೇನೆ, ನಿಮ್ಮತ್ತೆಗೆ ಇಪ್ಪತ್ತು ಸಾವಿರ ಅಂದಿದ್ದೇನೆ, ನಿಮ್ಮಮ್ಮನಿಗೆ ಏನೂ ಅಂದಿಲ್ಲ, ಅವಳು ದೇವರ ಗೂಡಿಗೆ ಬಣ್ಣ ಕೂಡ ಆರಿಸಿದ್ದಾಳೆ. ಮನೆ ಮಾಲೀಕನ ಕಾಲು ಹಿಡಿದು, ಜೂನಲ್ಲಿ ಅರ್ಧ ಅಡ್ವಾನ್ಸ್ ತಗೋ, ಉಳಿದದ್ದು ತಿಂಗಳಿಗೆ ಐದು ಸಾವಿರದಂತೆ ನಾನೇ ತಂದು ಕೊಡುತ್ತೇನೆ ಅಂತ ಕೇಳಿದ್ದೇನೆ. ನೋಡೋಣ ಅಂದಿದ್ದಾನೆ, ಹೂಂ ಅಂದಿಲ್ಲ. ರಮಾಳ ಬಾಡಿಗೆ ಇನ್ನೊಂದಿಷ್ಟು ಏರಿಸಿದರೆ ಬೇಗ ತುಂಬಬಹುದು, ಅದನ್ನು ಮಾತ್ರ ಮಾಡುವುದಿಲ್ಲ. ನೀನು ಬೈಯಬೇಕಾದರೆ ಫೋನಿನಲ್ಲಿ ಬೇಡ, ಕಾಗದದಲ್ಲೇ ಬೈ. ಗೇಟಿನ ಸದ್ದಾಯಿತು. ಹೋದದ್ದು ಎಪ್ಪತ್ತೆರಡು ಸಾವಿರ ಕಣಮ್ಮ. ಅದರಲ್ಲಿ ಐವತ್ತು ಸಾವಿರ ನಿನ್ನದು.