ಸೋತರೂ ಎದ್ದು ಬರದವರು

ಸೆಪ್ಟೆಂಬರ್ ೩೧, ೨೧೭೯
ಟಾರ್ನಹಿಲ್, ಮೆಲ್ಬರ್ನಿನ ಪಶ್ಚಿಮ ದಂಡೆ

ಪ್ರೀತಿಯ ಶೈಲಜ್ಜಿ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ, ಅದು ಕೈತಪ್ಪಿ ಬರೆದದ್ದಲ್ಲ. ನಿನ್ನ ಕಾಲದಲ್ಲಿ ಸೆಪ್ಟೆಂಬರಿಗೆ ಮೂವತ್ತೇ ದಿನ ಎಂಬುದು ನನಗೆ ಗೊತ್ತು. ಫುಟ್‌ಬಾಲಿನ ಮಹಾ ಫೈನಲ್ ಮುಗಿದ ಮರುದಿನ ಈ ಊರಲ್ಲಿ ಯಾರೂ ಕೆಲಸಕ್ಕೆ ಹೋಗುವುದಿಲ್ಲವೆಂದು ಬೇಸತ್ತ ಸರ್ಕಾರ, ನಮ್ಮ ಅಜ್ಜನ ಕಾಲದಲ್ಲಿ, ಈ ತಿಂಗಳಿಗೆ ಒಂದು ದಿನ ಸೇರಿಸಿಬಿಟ್ಟಿತು. ಅದನ್ನು ಹೆಚ್ಚುದಿನ ಎನ್ನುತ್ತೇವೆ. ಗೆದ್ದ ತಂಡದವರು ಅಂದು ಮಧ್ಯಾಹ್ನದವರೆಗೆ ಮಲಗುತ್ತಾರೆ, ಉಳಿದವರು ಮನೆ ಗುಡಿಸಿ ಒರೆಸುತ್ತಾರೆ. ನಮ್ಮ ಮನೆ ತಲೆಮಾರುಗಳಿಂದ ಬಹಳ ಚೊಕ್ಕಟವಾಗಿದೆ.

ನನ್ನ ಕನ್ನಡದಲ್ಲಿ ಕೆಲವು ಮಾತು ನಿನಗೆ ಹೊಸದೆನಿಸಬಹುದು, ಅದಕ್ಕೆ ಕ್ಷಮೆಯಿರಲಿ. ಅರ್ಧ ಗದಗ, ಅರ್ಧ ಟ್ರಾಮು ಸೇರಿದ ಭಾಷೆ ನಮ್ಮದು. ನಾನು ನಿಂಗವ್ವ ಮುದಗಲ್ಲ, ನಿನ್ನ ಮರಿಮಗಳ ಮಗಳು. ನಿನ್ನ ಕಾಲದಲ್ಲಿ ಹಳೆಯದಾಗಿದ್ದ ಹೆಸರುಗಳೆಲ್ಲ ನಮ್ಮಲ್ಲಿ ಮತ್ತೆ ಫ್ಯಾಶನ್ ಆಗಿವೆ, ನಗಬೇಡ. ನೀನು ಇದನ್ನು ಓದುವಾಗ ಗದಗಿನಿಂದ ಬಂದು ಆರು ತಿಂಗಳೂ ಆಗದ ಇಪ್ಪತ್ತೇಳು ವರ್ಷದ ನರ್ಸು. ನನಗಿಂತ ಅರ್ಧ ವಯಸ್ಸಿನವಳನ್ನು ಅಜ್ಜಿ ಎಂದು ಕರೆಯಲು ನನಗೂ ಮುಜುಗರವೇ. ಈ ಕಾಗದ ನಿನಗೆ ತಲುಪುವುದು ಹಿಂದೋಲೆಯ ಮೂಲಕ. ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ ಅದು, ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಸಿಗುತ್ತದೆ. ಹೆಚ್ಚಿನವರು ಎಲ್ಲಿ ಜಾಗ ಕೊಳ್ಳಬೇಕು ಎಂದು ಹಿರಿಯರಿಗೆ ಬರೆಯುತ್ತಾರೆ, ಹಿರಿಯರು ಎಂದಿನಂತೆ ಕೇಳುವುದಿಲ್ಲ. ನಾನು ನನ್ನ ಒಂದೇ ಓಲೆಯನ್ನು ಒಂದು ಫುಟ್‌ಬಾಲ್ ತಂಡದ ವಿಷಯಕ್ಕೆ ಖರ್ಚು ಮಾಡುತ್ತಿದ್ದೇನೆ. ನನ್ನ ಹೊಟ್ಟೆ ಅಷ್ಟು ಉರಿದಿದೆ.

ಬರುವ ಶನಿವಾರ ನೀನು ಪಾಳಿ ಮುಗಿಸಿ ಬರುವಾಗ ಟಾರ್ನಹಿಲ್ ಮೈದಾನದ ಎದುರು ನಿನ್ನ ಟ್ರಾಮು ಕೆಟ್ಟು ನಿಲ್ಲುತ್ತದೆ. ಗೇಟಿನೊಳಗೆ ಹಳದಿ ಕೆಂಪು ಅಂಗಿ ತೊಟ್ಟ ಹುಡುಗರು ಓಡುವುದು ಕಾಣುತ್ತದೆ. ನಮ್ಮ ಬಾವುಟದ ಬಣ್ಣ ಇಲ್ಲಿಗೆ ಹೇಗೆ ಬಂತು ಎಂದು ನೀನು ಒಳಗೆ ಹೋಗುತ್ತೀ. ಅವರು ಟಾರ್ನಹಿಲ್ ಹೆರಾನ್ಸ್. ಆಮೇಲೆ ನಮ್ಮ ಮನೆಯಲ್ಲಿ ಅವರಿಗೆ ಕೊಕ್ಕರೆಗಳು ಎಂಬ ಹೆಸರೇ ಗಟ್ಟಿಯಾಯಿತು. ಅಂದು ಕೊಕ್ಕರೆಗಳು ಹೀನಾಯವಾಗಿ ಸೋಲುತ್ತವೆ. ಮಳೆ ಬರುತ್ತದೆ, ಜನ ಎದ್ದು ಹೋಗುತ್ತಾರೆ. ನೀನೊಬ್ಬಳೇ ಕೊನೆಯವರೆಗೆ ಕೂತು, ನಿಯಮ ಒಂದೂ ಗೊತ್ತಿಲ್ಲದೆ, ಸೋತ ಹುಡುಗರಿಗೆ ಚಪ್ಪಾಳೆ ತಟ್ಟುತ್ತೀ. ಅವರು ಬೇಲಿಯ ಹತ್ತಿರ ಬಂದು ನಿನ್ನ ಕೈ ಕುಲುಕುತ್ತಾರೆ. ಗೇಟು ಹಾಕಲು ಬಂದ ಕಾನರ್ ಎಂಬವನು ಇನ್ನೂ ಏಕೆ ಕೂತಿದ್ದೀಯೆಂದು ಕೇಳುತ್ತಾನೆ. ಅವನೇ ನಮ್ಮ ಕಾನರಜ್ಜ. ಮುದಗಲ್ಲ ಮನೆಯಲ್ಲಿ ಹುಟ್ಟಿದ ಪ್ರತಿ ಮಗುವೂ ಈ ಕಥೆ ಕೇಳಿಯೇ ಅನ್ನ ಉಂಡಿದೆ. ಸೋತರೂ ಎದ್ದು ಬರದವರು ನಾವು, ಇದು ನಮ್ಮ ಮನೆತನದ ಹೆಗ್ಗಳಿಕೆ.

ನಮ್ಮ ದಿನಗಳು ಹೇಗಿವೆ ಎಂದು ಸ್ವಲ್ಪ ಹೇಳುತ್ತೇನೆ. ಬಿಸಿಲು ತಡೆಯಲಾಗದೆ ಆಟಗಳೆಲ್ಲ ಈಗ ಬೆಳಗಿನ ಆರಕ್ಕೇ ಶುರುವಾಗುತ್ತವೆ. ಕೊಲ್ಲಿಯ ನೀರು ಏರಿದ ಮೇಲೆ ಟ್ರಾಮುಗಳು ಅರ್ಧ ದಾರಿ ಹಳಿಯ ಮೇಲೆ, ಅರ್ಧ ದಾರಿ ತೇಲುತ್ತ ಬರುತ್ತವೆ. ಮೈದಾನದಲ್ಲಿ ಬಿಸಿ ಪೈ ಇನ್ನೂ ಸಿಗುತ್ತದೆ. ಅದಕ್ಕೆ ಶೇಂಗಾ ಚಟ್ನಿಪುಡಿ ಉದುರಿಸುವುದನ್ನು ಇಡೀ ಊರಿಗೆ ಕಲಿಸಿದವಳು ನಿನ್ನ ಮಗಳು. ಆಟ ಮಾತ್ರ ಹೆಚ್ಚು ಬದಲಾಗಿಲ್ಲ. ಅದೇ ಮೊಟ್ಟೆಯಾಕಾರದ ಚೆಂಡು, ಒಬ್ಬರ ಬೆನ್ನೇರಿ ಇನ್ನೊಬ್ಬರು ಅದನ್ನು ಗಾಳಿಯಲ್ಲಿ ಹಿಡಿಯುವುದು, ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಆರು ಅಂಕ, ಪಕ್ಕದ ಸಂದಿಗೆ ಹೋದರೆ ಒಂದೇ ಅಂಕ. ಅಷ್ಟು ತಿಳಿದರೆ ಈ ಕಾಗದಕ್ಕೆ ಸಾಕು.

ಇಲ್ಲಿ ಹದಿನೆಂಟು ತಂಡಗಳಿವೆ. ತಂಡಗಳಿಗೆ ಏರುಗಾಲ, ಇಳಿಗಾಲ ಇರುತ್ತವೆ ಎಂದು ನಾವು ಹವಾಮಾನದ ಹಾಗೆ ನಂಬಿದ್ದೆವು. ಬಂದರಿನವರ ಕೆಂಬರ್ ತಂಡ ನಾಲ್ಕು ಸಲ ಕಪ್ಪು ಗೆದ್ದು, ಮುದಿಯಾಗಿ, ತಳಕ್ಕೆ ಬಿದ್ದು, ಮತ್ತೆ ಎದ್ದಿತು. ರೆನ್‌ಫೋರ್ಡ್ ನರಿಗಳು ಹೆಸರಿಲ್ಲದಂತಾಗಿ ಮತ್ತೆ ಮೆರೆದವು. ಬಿದ್ದವರು ಏಳಲೆಂದೇ ಒಂದು ಪದ್ಧತಿ ನಿನ್ನ ಕಾಲದಲ್ಲೂ ಇದೆಯಲ್ಲ: ತಳದಲ್ಲಿದ್ದ ತಂಡಕ್ಕೆ ಹೊಸ ಆಟಗಾರರಲ್ಲಿ ಮೊದಲ ಆಯ್ಕೆ. ಈಗ ಅದನ್ನು ನಡೆಸುವುದು ಲೀಗಿನ ಸಮತೋಲನ ಮಂಡಳಿ. ಕೇಳಲು ಎಷ್ಟು ನ್ಯಾಯವಾಗಿದೆ! ಕೊಕ್ಕರೆಗಳು ಕೊನೆಯ ಸಲ ಕಪ್ಪು ಎತ್ತಿದಾಗ ನನ್ನ ಅವ್ವ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಅಂದಿನಿಂದ ಇಳಿಗಾಲ. ಪ್ರತಿ ವರ್ಷ ಒಳ್ಳೆಯ ಮಕ್ಕಳು ನಮಗೆ ಸಿಗುತ್ತಿದ್ದರು, ನಮ್ಮಲ್ಲೇ ಪಳಗುತ್ತಿದ್ದರು, ಕಾಲು ಕುದುರಿದ ಕೂಡಲೇ ಏನೋ ಒಂದು ಕಾರಣ ಹೇಳಿ ಬೇರೆ ತಂಡಕ್ಕೆ ಹೋಗುತ್ತಿದ್ದರು. ನಮ್ಮ ದುರದೃಷ್ಟವೆಂದು ತಲೆ ಚಚ್ಚಿಕೊಂಡು ಮುಂದಿನ ವಾರ ಮತ್ತೆ ಹೋಗುತ್ತಿದ್ದೆವು. ನಮ್ಮ ಮೈದಾನದಲ್ಲಿ ಒಂದು ಕುರ್ಚಿಯೂ ಖಾಲಿ ಇರುತ್ತಿರಲಿಲ್ಲ.

ನನ್ನ ಪಾಲಿನ ಸೇವೆ ಹರಿಪರದೆ. ಆಟಕ್ಕೆ ಮುಂಚೆ ಮೈದಾನದಲ್ಲಿ ಮನೆಯೆತ್ತರದ ಕಾಗದದ ಪರದೆಯನ್ನು ಎರಡು ಗಳುವಿನ ನಡುವೆ ಎತ್ತಿ ಹಿಡಿಯುತ್ತಾರೆ, ತಂಡ ಅದನ್ನು ಹರಿದುಕೊಂಡು ಒಳಗೆ ಓಡಿಬರುತ್ತದೆ. ಹರಿಯಲೆಂದೇ ಮಾಡುವುದರಿಂದ ಆ ಹೆಸರು. ನಿನ್ನ ಶನಿವಾರವೂ ನೀನು ಅದನ್ನು ನೋಡುತ್ತೀ. ವಾರವೆಲ್ಲ ನಾವು ಹತ್ತಾರು ಜನ ಶಾಲೆಯ ಹಾಲಿನಲ್ಲಿ ನೆಲಕ್ಕೆ ಕೂತು ತೆಳು ಕಾಗದಕ್ಕೆ ಗಂಜಿ ಹಚ್ಚಿ ಅಂಟಿಸುತ್ತೇವೆ, ಎದುರಾಳಿಯನ್ನು ಕಿಚಾಯಿಸುವ ಎರಡು ಸಾಲು ಬರೆಯುತ್ತೇವೆ, ಒಂದು ಇಂಗ್ಲಿಷಿನಲ್ಲಿ, ಒಂದು ಕನ್ನಡದಲ್ಲಿ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಚಿಂದಿ. ಅದಕ್ಕೇ ಅದು ಚೆಂದ. ನನ್ನ ಅವ್ವನ ಮೊಣಕಾಲು ಸವೆದದ್ದು ಆ ಹಾಲಿನ ನೆಲದ ಮೇಲೆ, ನನ್ನದೂ ಅಲ್ಲೇ.

ನನ್ನ ಮಗಳು ಮಲ್ಲವ್ವ ಈಗ ಕೊಕ್ಕರೆಗಳ ನಾಯಕಿ. ಈಗ ಗಂಡಸರು ಹೆಂಗಸರು ಒಂದೇ ತಂಡದಲ್ಲಿ ಆಡುತ್ತಾರೆ. ಅವಳು ಮೊದಲ ಸಲ ನಾನು ಮಾಡಿದ ಪರದೆಯನ್ನು ಹರಿದು ಬಂದ ದಿನ ನಾನು ಅತ್ತದ್ದನ್ನು ಇಡೀ ಸ್ಟ್ಯಾಂಡು ನೋಡಿತು, ನೋಡಲಿ. ಈ ವರ್ಷ ಅವಳ ಕೈಕೆಳಗೆ ತಂಡ ಗೆಲ್ಲತೊಡಗಿತು. ಊರಲ್ಲಿ ಜನ ಜೋರಾಗಿ ಮಾತಾಡಲೂ ಹೆದರಿದರು, ಎಲ್ಲಿ ದೃಷ್ಟಿ ತಾಕೀತೋ ಎಂದು. ಕೊನೆಯ ಸುತ್ತಿನಲ್ಲಿ ಕೆಂಬರನ್ನು ಸೋಲಿಸಿದರೆ ಕಪ್ಪಿಗೆ ಸೆಣಸುವ ಮೇಲಿನ ಎಂಟರೊಳಗೆ ಜಾಗ. ನನ್ನ ಆಯುಷ್ಯದಲ್ಲಿ ಮೊದಲ ಸಲ! ಆ ವಾರ ನಾನು ಮಾಡಿದಷ್ಟು ದೊಡ್ಡ ಪರದೆಯನ್ನು ಯಾರೂ ಮಾಡಿರಲಿಲ್ಲ. ಕಿಚಾಯಿಸುವ ಸಾಲು ಬೇಡವೆಂದು ಬಿಟ್ಟೆ. ‘ಬಾಗಿಲು ತೆರೆಯಿರಿ, ನಾವು ಬಂದೆವು’ ಎಂದಷ್ಟೇ ಬರೆದೆವು.

ಆಟ ಮುಗಿಯುವ ಗಳಿಗೆಗೆ ನಾವು ನಾಲ್ಕು ಅಂಕ ಹಿಂದಿದ್ದೆವು. ಮಲ್ಲವ್ವ ಇಬ್ಬರ ಹೆಗಲ ಮೇಲೆ ಏರಿ ಚೆಂಡು ಹಿಡಿದಳು, ಅವಳ ಕಾಲು ನೆಲ ಮುಟ್ಟುವ ಮೊದಲೇ ಸೈರನ್ ಆಯಿತು. ಹಾಗೆ ಹಿಡಿದವರಿಗೆ ಸೈರನ್ ಆದಮೇಲೂ ಒಂದು ಒದೆ ಸಲ್ಲುತ್ತದೆ. ಕಂಬಗಳಿಗೆ ನೇರ ಎದುರು, ಹತ್ತಿರ. ನಿದ್ದೆಗಣ್ಣಲ್ಲೂ ಅವಳು ತಪ್ಪದ ಜಾಗ. ನಲವತ್ತು ಸಾವಿರ ಜನ ಕುರ್ಚಿಯ ತುದಿಗೆ ಸರಿದು ಕೂತಿದ್ದೆವು. ಚೆಂಡು ಬಲಕ್ಕೆ ವಾಲಿ ಪಕ್ಕದ ಸಂದಿಯಲ್ಲಿ ಹೋಯಿತು. ಒಂದು ಅಂಕ. ಅವಳು ಹುಲ್ಲಿನ ಮೇಲೆ ಕುಸಿದಳು. ಆಗ ನಾವು ಏನು ಮಾಡಿದೆವು ಹೇಳು? ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಅವಳು ಒಳಗೆ ಹೋಗುವವರೆಗೂ ತಟ್ಟಿದೆವು. ನನಗೆ ನಿನ್ನ ನೆನಪಾಗಿ ಹೆಮ್ಮೆಯಾಯಿತು.

ಅದಾದ ಮೇಲಿನ ಭಾನುವಾರ ಕ್ಲಬ್ಬಿನ ವಂದನಾ ಕೂಟ. ಅಧ್ಯಕ್ಷ ಟಾಲಿಸ್ ಎಂಬವನು ಸುಂದರವಾಗಿ ಮಾತಾಡುವವನು. ನಮ್ಮನ್ನು ಹೊಗಳಬೇಕೆಂದೇ ಎದ್ದು ನಿಂತ. ಹೊಗಳುವ ಭರದಲ್ಲಿ ಅವನಿಗೆ ತಾನು ಏನು ಹೇಳುತ್ತಿದ್ದೇನೆಂದೇ ಹೊಳೆಯಲಿಲ್ಲ. "ಬೇರೆ ತಂಡದವರು ಎರಡು ವರ್ಷ ಸೋತರೆ ಮನೆಯಲ್ಲಿ ಕೂರುತ್ತಾರೆ. ಅವರನ್ನು ಬೇಗ ಬೇಗ ಮೇಲೆತ್ತಲೇಬೇಕಾಗುತ್ತದೆ. ನೀವು ಹಾಗಲ್ಲ, ಸೋತರೂ ಬರುತ್ತೀರಿ. ಅದಕ್ಕೇ ಸಮತೋಲನ ಮಂಡಳಿಗೆ ನಿಮ್ಮ ಮೇಲೆ ಇಷ್ಟು ಭರವಸೆ. ನೀವು ತಳದಲ್ಲಿ ನಿಂತಿದ್ದೀರೆಂದೇ ಉಳಿದವರೆಲ್ಲ ಸರದಿಯಂತೆ ಏರಲು ಆಗಿದೆ. ಇಡೀ ಲೀಗಿಗೆ ನೀವು ತವರುಮನೆ ಇದ್ದ ಹಾಗೆ," ಎಂದ.

ಅಭ್ಯಾಸಬಲದಿಂದ ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಒಂದೊಂದೇ ಕೈ ನಿಂತಿತು. ನನ್ನ ಪಕ್ಕದಲ್ಲಿದ್ದ, ಪರದೆಗೆ ಗಂಜಿ ಕಾಯಿಸುವ ಮಾರೆನ್, "ಸರದಿ ಅಂದರೆ ಏನು, ನಿಂಗವ್ವಾ? ಯಾರ ಸರದಿ?" ಎಂದು ಕೇಳಿದಳು. ನಾನು ವೇದಿಕೆಯ ಮೇಲಿದ್ದ ಮಗಳನ್ನು ನೋಡಿದೆ. ಉಳಿದ ಆಟಗಾರರು ಬೆಚ್ಚಿ ಅಧ್ಯಕ್ಷನನ್ನು ನೋಡುತ್ತಿದ್ದರು, ಮಲ್ಲವ್ವ ಮಾತ್ರ ತನ್ನ ಬೂಟು ನೋಡುತ್ತಿದ್ದಳು. ನನಗೆ ಬೇರೆ ಯಾರೂ ಏನೂ ಹೇಳಬೇಕಾಗಲಿಲ್ಲ.

ಮನೆಗೆ ಬಂದು ಅಡುಗೆಮನೆಯಲ್ಲಿ ನಿಲ್ಲಿಸಿ ಕೇಳಿದೆ. ಸುಳ್ಳು ಹೇಳಲಿಲ್ಲ, ಅಷ್ಟರಮಟ್ಟಿಗೆ ನನ್ನ ಮಗಳೇ.

"ಬೇಕಂತನ ಹೊರಗ ಒದ್ದೆ ಅವ್ವಾ. ಈ ವರ್ಷ ನಾವು ಮ್ಯಾಲ ಹೋಗೂ ಹಂಗಿರಲಿಲ್ಲ. ಒಳಗ ಹಾಕಿದ್ರ ಮುಂದಿನ ವರ್ಷ ನನ್ನನ್ನ ಕೆಂಬರಿಗೆ ಕಳಸ್ತೇವಂತ ಮಂಡಳಿಯವರು ಮೊದಲ ಹೇಳಿದ್ರು. ನನಗ ಆ ಅಂಗಿ ಹಾಕ್ಕೊಳ್ಳಾಕ ಆಗೂದಿಲ್ಲ. ಇಲ್ಲೇ, ನಿಮ್ಮ ಮುಂದನ ಆಡಬೇಕಂತ ಒದ್ದೆ."

"ನಮ್ಮ ಮುಂದ ಸೋಲಬೇಕಂತ?"

ಅವಳು ನೀರು ಕುಡಿದು ಲೋಟ ತೊಳೆದಿಟ್ಟಳು. ಆಮೇಲೆ, ನನ್ನನ್ನು ಸಮಾಧಾನ ಮಾಡುವ ದನಿಯಲ್ಲೇ, ಆ ಮಾತು ಹೇಳಿದಳು. "ಸೋತ್ರೂ ನೀವು ಹೆಂಗೂ ಬರ್ತೀರಲ್ಲ, ಅವ್ವಾ."

ಶೈಲಜ್ಜಿ, ಟಾಲಿಸನ ಮಾತಿಗೆ ನನಗೆ ಸಿಟ್ಟು ಬಂದಿತ್ತು. ಈ ಮಾತಿಗೆ ಸಿಟ್ಟೂ ಬರಲಿಲ್ಲ, ಅವಳು ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆದೆ. ಮೋಸ ಮಾಡಿದವರು ನಮ್ಮ ದುರಾಸೆಯನ್ನೋ ದಡ್ಡತನವನ್ನೋ ಹಿಡಿದು ಮೋಸ ಮಾಡಿದ್ದರೆ ಸಹಿಸಬಹುದಿತ್ತು. ಇವರು ಹಿಡಿದದ್ದು ನಮ್ಮಲ್ಲಿದ್ದ ಒಂದೇ ಒಳ್ಳೆಯ ಗುಣವನ್ನು. ನಾವು ಎದ್ದು ಹೋಗುವವರಾಗಿದ್ದರೆ ನಮ್ಮನ್ನೂ ಮೇಲೆತ್ತುತ್ತಿದ್ದರು. ನನ್ನ ಅವ್ವ ಸಾಯುವ ಮುಂಚಿನ ವಾರವೂ ಗಾಲಿಕುರ್ಚಿಯಲ್ಲಿ ಹೋಗಿ, ಮುಂದಿನ ವರ್ಷ ಗೆಲ್ತಾರ ನೋಡು ಅಂದಿದ್ದಳು. ಅವಳು ಅಷ್ಟು ಸಲ ಹೋದದ್ದಕ್ಕೇ ತಂಡ ಏಳಲಿಲ್ಲ. ಇದನ್ನು ಯಾವ ಬಾಯಿಂದ ಅವಳ ಫೋಟೋದ ಮುಂದೆ ಹೇಳಲಿ?

ಮುಂದಿನ ವರ್ಷದ ಪರದೆಗೆ ಎಷ್ಟು ಕಾಗದ ತರಿಸಬೇಕೆಂದು ಕ್ಲಬ್ಬಿನವರು ಕೇಳಿಕಳಿಸಿದರು. ಪರದೆ ಇಲ್ಲ, ನಾನೂ ಇಲ್ಲ ಎಂದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಮಾರ್ಚಿನಲ್ಲಿ ಆಟ ಶುರುವಾಗಲಿ, ಬಂದೇ ಬರ್ತಾಳೆ ಎಂದು ನಕ್ಕರಂತೆ. ಅವರು ಹೇಳಿದ್ದೇ ನಿಜವಾಗಿಬಿಟ್ಟರೆ ಎಂಬುದೇ ನನ್ನ ಭಯ. ಇದನ್ನು ಬರೆಯುವಾಗ ಹಿತ್ತಲಲ್ಲಿ ಮಲ್ಲವ್ವ ಒಬ್ಬಳೇ ಚೆಂಡು ಒದೆಯುತ್ತಿದ್ದಾಳೆ. ಬಟ್ಟೆ ಒಣಹಾಕುವ ಎರಡು ಕಂಬಗಳ ನಡುವೆ, ಗೋಡೆಗೆ. ನಾನು ಬೆಳಗಿನಿಂದ ಕಿಟಕಿಯಿಂದ ನೋಡುತ್ತಿದ್ದೇನೆ. ಒಂದೂ ತಪ್ಪಿಲ್ಲ.

ಮೊದಲು ಈ ಓಲೆಯಲ್ಲಿ, ಆ ಶನಿವಾರ ನೀನು ಟ್ರಾಮಿನಿಂದ ಇಳಿಯಲೇಬೇಡ ಎಂದು ಬರೆದಿದ್ದೆ. ಆಮೇಲೆ ಕಾನರಜ್ಜನ ನೆನಪಾಯಿತು. ನೀನು ಇಳಿಯದಿದ್ದರೆ ಅವನಿಲ್ಲ, ನಾವಿಲ್ಲ, ಕಿಟಕಿಯಾಚೆ ಆ ಹುಡುಗಿಯೂ ಇಲ್ಲ. ಎಷ್ಟು ಸಿಟ್ಟಿದ್ದರೂ ಅವಳಿಲ್ಲದ ಹಿತ್ತಲು ನನಗೆ ಬೇಡ. ಹಾಗಾಗಿ ಬರೆದದ್ದನ್ನು ಹೊಡೆದುಹಾಕಿದ್ದೇನೆ.

ನೀನು ಇಳಿ. ಒಳಗೆ ಹೋಗು. ಹಳದಿ ಕೆಂಪು ಕಂಡು ಊರು ನೆನಪಾದರೆ ಅತ್ತುಬಿಡು, ಯಾರೂ ನೋಡುವುದಿಲ್ಲ. ಮಳೆ ಬಂದರೂ ಕೂತಿರು. ನಿನ್ನನ್ನು ಎಬ್ಬಿಸಲು ಕಾನರ್ ಹೇಗೂ ಬರುತ್ತಾನೆ. ನಾನು ಕೇಳುವುದು ಇಷ್ಟೇ: ಸೋತ ಆ ಹುಡುಗರು ಬೇಲಿಯ ಹತ್ತಿರ ಬಂದಾಗ ನಿನ್ನ ಕೈ ಮಡಿಲಲ್ಲೇ ಇರಲಿ. ಚಪ್ಪಾಳೆ ತಟ್ಟಬೇಡ, ಅಜ್ಜಿ.

ನಿನ್ನ
ನಿಂಗವ್ವ