ಕೆಂಪು ನೂಲಿನ ಎರಡು ಗಿಡ

ಉರ್ವ, ಮಂಗಳೂರು
ನವೆಂಬರ್ ೧೯೫೮

ಅಬಕಾರಿ ಇನ್ಸ್‌ಪೆಕ್ಟರ್ ಸಾಹೇಬರಿಗೆ, ನಿವೃತ್ತ ಅಧ್ಯಾಪಕ ಮಾಯಿಲಪ್ಪನ ವಂದನೆಗಳು.

ಸೋಮವಾರ ನಿಮ್ಮವರು ನನ್ನ ಹಿತ್ತಿಲಿನ ಗಾಂಜಾ ಗಿಡಗಳನ್ನೆಲ್ಲ ಕಿತ್ತರು. ಕುಂಡದಲ್ಲಿದ್ದ ಎರಡನ್ನು ಮಾತ್ರ ಸಾಕ್ಷಿಗೆಂದು ಕಚೇರಿಗೆ ಒಯ್ದರು. ನನ್ನ ತಂದೆಗೆ ಮದ್ರಾಸು ಸರಕಾರ ಕೊಟ್ಟ ಲೈಸನ್ಸು ಜಿಲ್ಲೆ ಮೈಸೂರಿಗೆ ಸೇರಿದ ಮೇಲೆ ಈಗ ಸಲ್ಲುವುದಿಲ್ಲವಂತೆ. ಸರಕಾರ ಬದಲಾದದ್ದನ್ನು ಗಿಡಕ್ಕೆ ಯಾರು ಹೇಳಬೇಕಿತ್ತು?

ತಂದೆ ಪೂವಪ್ಪ ಪಂಡಿತರು ಬಂದರಿನ ಗಾಡಿಯವರ ಹೊಟ್ಟೆನೋವಿಗೆ ಮದ್ದು ಕೊಡುತ್ತಿದ್ದರು. ಕುಡಿದವನು ಅದೇ ದಿನ ಗಾಡಿ ಹೊಡೆಯಬೇಕು. ನೋವು ಇಳಿಯಬೇಕು, ತಲೆ ತಿರುಗಬಾರದು. ಅದಕ್ಕಾಗಿ ಅವರು ಒಂದೊಂದೇ ಗಿಡದ ಎಲೆಯನ್ನು ಹಾಲಿನಲ್ಲಿ ಅರೆದು ತಾವೇ ಕುಡಿದು, ಸೂಜಿಗೆ ಕೆಂಪು ನೂಲು ಪೋಣಿಸಲು ಕೂರುತ್ತಿದ್ದರು. ಕೈ ನಡುಗದೆ ಪೋಣಿಸಲಾದರೆ ಆ ನೂಲನ್ನು ಆ ಗಿಡಕ್ಕೇ ಕಟ್ಟಿ, ಅದರ ಬೀಜವನ್ನಷ್ಟೇ ಇಡುತ್ತಿದ್ದರು. ಅವರ ನಂತರ ನಾನೂ ಹಾಗೆಯೇ ಮಾಡಿದೆ. ಈ ವರ್ಷ ನೂಲು ಕಟ್ಟಿದ್ದು ಆ ಎರಡು ಕುಂಡದ ಗಿಡಗಳಿಗೆ. ಬೇರೆ ಬೀಜ ನನ್ನಲ್ಲಿಲ್ಲ.

ನಿಮ್ಮ ವರದಿ ಅವನ್ನು ಘೋರ ಮಾದಕವೆನ್ನುತ್ತದೆ. ನಿಮ್ಮ ಪೇದೆ ಮೋನಪ್ಪನವರು ನಿನ್ನೆ ಬಂದು, “ಎಂತ ಮಾಷ್ಟ್ರೆ, ಆ ಕುಂಡದ್ದು ಒಂದು ಮುಷ್ಟಿ ಅರೆದು ಕುಡಿದೆ, ಎಂತದೂ ಆಗ್ಲಿಲ್ಲ. ಹೊಟ್ಟೆ ಮಾತ್ರ ಹಗುರ ಉಂಟು” ಎಂದು ಜಗಳಕ್ಕೇ ನಿಂತರು. ಅವರನ್ನು ಗದರಬೇಡಿ. ಎರಡು ತಲೆಮಾರಿನ ಕೆಲಸಕ್ಕೆ ಸಿಕ್ಕ ಸರ್ಟಿಫಿಕೇಟು ಅದೊಂದೇ.

ಕೇಸು ನಡೆಯಲಿ, ಕೋರ್ಟಿಗೆ ಬರುತ್ತೇನೆ. ಬೀಜ ಬಲಿಯುವವರೆಗೆ ಮಾತ್ರ ಆ ಎರಡನ್ನು ಸುಡಬೇಡಿ. ಬೆಳಿಗ್ಗೆ ಒಂದು ತಂಬಿಗೆ ನೀರು ಸಾಕು. ಆ ಕೆಲಸವನ್ನು ಮೋನಪ್ಪನವರಿಗೇ ವಹಿಸಿರಿ. ಆ ಎಲೆಗೆ ಅವರು ಇನ್ನು ಕೈ ಹಾಕುವುದಿಲ್ಲ.

ಇತಿ,
ಮಾಯಿಲಪ್ಪ