ಬಸಳೆ ಪಾತಿಯ ಮಣ್ಣು

ಚಿಕ್ಕಮಗಳೂರು
ಶ್ರಾವಣದ ಮೊದಲ ಸೋಮವಾರ

ನನ್ನ ಅವ್ವನಿಗೆ, ಸುಕನ್ಯಾ ಮಾಡುವ ನಮಸ್ಕಾರ.

ಮೊದಲು ಗುದ್ದಲಿ ಕೆಳಗಿಡು. ಪಾತಿ ಅಗೆಯಬೇಡ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಅಳುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ತಮ್ಮ ಬಾಲರಾಜ ನಿಧಾನವಾಗಿ ಓದಿ ಹೇಳಲಿ.

ಕಳಸದ ಸಂತೆಯಲ್ಲಿ ಸೊಪ್ಪು ಕೊಳ್ಳುವ ಲಿಂಗಪ್ಪಣ್ಣ, "ಹಳೇ ಗಣಿ ಕೆಳಗಿನ ಸೊಪ್ಪು ಯಾರು ತಿಂತಾರೆ ಮಾರಾಯ್ತಿ" ಅಂದನಂತೆ. ಅಷ್ಟಕ್ಕೇ ನೀನು ಬಸಳೆ ಕಿತ್ತು, ಜಾಗ ಬಿಟ್ಟು, ಮತ್ತೆ ಎಸ್ಟೇಟಿನ ಕೂಲಿ ಲೈನಿಗೆ ಹೋಗುತ್ತೇನೆ ಎಂದೆ. ಜೀವಮಾನವೆಲ್ಲ ಬೇರೆಯವರ ಕಾಫಿ ಕುಯ್ದ ನಿನಗೆ ಸಿಕ್ಕ ಒಂದೇ ತುಂಡು ಸ್ವಂತ ನೆಲ ಅದು.

ಗಣಿಯಿಂದ ಸತು ಎಂಬ ಲೋಹ ಇಳಿದಿದೆಯೇ ಎಂದು, ನೀನು ಕಳಿಸಿದ ಮಣ್ಣನ್ನು ನಮ್ಮ ಲ್ಯಾಬಿನಲ್ಲಿ ಎರಡು ಬಗೆಯಲ್ಲಿ ನೋಡಿದೆ. ಒಂದು, ಕಟು ಆಸಿಡ್ ಹಾಕಿ ಕುದಿಸಿ ಇದ್ದಬದ್ದದ್ದನ್ನೆಲ್ಲ ಹೊರಗೆಳೆಯುವುದು. ಅದು ಎಷ್ಟಿದೆ ಎನ್ನುತ್ತದೆ, ಹೇಗಿದೆ ಎನ್ನುವುದಿಲ್ಲ. ಇನ್ನೊಂದು, ನಿನ್ನ ಹಾಗೆ ಪುಸಲಾಯಿಸಿ ಕೇಳುವುದು: ಮೊದಲು ಉಪ್ಪುನೀರು, ಆಮೇಲೆ ತೆಳು ಹುಳಿ, ಹೀಗೆ ಹಂತಹಂತವಾಗಿ. ಗಣಿಯ ಸತು ಕಲ್ಲಿನೊಳಗೆ, ಕಬ್ಬಿಣದ ತುಕ್ಕಿನೊಳಗೆ ಬಿಗಿಯಾಗಿ ಕೂತಿರಬೇಕು. ನಿನ್ನದು ಮಾತ್ರ ಉಪ್ಪುನೀರಿಗೇ ಓಡಿಬಂತು. ಬೇರು ಕುಡಿಯುವುದು ಅದನ್ನೇ. ಅಂದರೆ ಬಸಳೆಗೂ ಏರಿರಬೇಕು ಎಂದುಕೊಂಡೆ.

ಸೀಸೆ ಅಲುಗಿಸುವ ಮೆಷಿನ್ನು ಮಧ್ಯಾಹ್ನವೆಲ್ಲ ತೊಟ್ಟಿಲಿನಂತೆ ತೂಗುತ್ತಿತ್ತು. ಕಿಟಕಿಯಾಚೆ ಮಂಜು. ಕೂತಲ್ಲೇ ಜೊಂಪು ಹತ್ತಿತು. ನೀನು ಹಳ್ಳದ ದಾರಿಯಲ್ಲಿ ಬರುತ್ತಿದ್ದೆ. ಕೈಯ ಬಕೆಟ್ಟಿನಲ್ಲಿ ನೀರಲ್ಲ, ಬೆಳ್ಳನೆಯ ಬೆಳಕು ತುಳುಕುತ್ತಿತ್ತು. ಬಸಳೆ ಬಳ್ಳಿಗಳು ಬಗ್ಗಿ ಬಗ್ಗಿ ಅದನ್ನು ಕುಡಿಯುತ್ತಿದ್ದವು. ನೀನು ಏನನ್ನೋ ಗುನುಗುತ್ತಿದ್ದೆ, ನನಗೆ ಏಳಲು ಮನಸ್ಸೇ ಬರಲಿಲ್ಲ.

ಕಣ್ಣು ಬಿಟ್ಟರೆ ಮೂಲೆಯಲ್ಲಿ ಅದೇ ಬಕೆಟ್ಟು, ಬಾಲರಾಜ ಬಸ್ಸಿನಲ್ಲಿ ಮಣ್ಣು ತಂದದ್ದು! ಅಯ್ಯೋ ಅವ್ವ, ಹೊಸ ತಗಡಿನ ಬಕೆಟ್ಟಿಗೆ ಆ ಹೊಳಪು ಬರುವುದೇ ಸತುವಿನ ಲೇಪದಿಂದ. ಅದರಲ್ಲಿ ಒದ್ದೆ ಮಣ್ಣು ವಾರಗಟ್ಟಲೆ ಕೂತು, ಬಕೆಟ್ಟಿನ ಸತುವೇ ಮಣ್ಣಿಗೆ ಇಳಿದಿತ್ತು. "ಲ್ಯಾಬಿಗೆ ಹೋಗೋದು, ಹಳೇದ್ರಲ್ಲಿ ಕಳ್ಸಿದ್ರೆ ಮರ್ಯಾದೆಯಾ" ಎಂದೆಯಂತೆ. ನಿನ್ನ ಮರ್ಯಾದೆ ನನ್ನ ಪ್ರಾಣ ತೆಗೆದಿತ್ತು!

ಪ್ಲಾಸ್ಟಿಕ್ ಚೀಲದಲ್ಲಿ ಮತ್ತೆ ತರಿಸಿ ನೋಡಿದೆ. ಈ ಸಲ ಉಪ್ಪುನೀರಿಗೆ ಬಂದದ್ದು ಅತ್ಯಲ್ಪ, ಉಳಿದದ್ದು ಕಲ್ಲಿನೊಳಗೇ ಇದೆ. ಬಸಳೆಯ ಎಲೆಯನ್ನೂ ಪರೀಕ್ಷಿಸಿದೆ, ಚೆನ್ನಾಗಿದೆ. ನಿನ್ನ ನೆಲ ಬಿಟ್ಟು ಎಲ್ಲಿಗೂ ಹೋಗಬೇಡ.

ನಿನ್ನ ಮಗಳು
ಸುಕನ್ಯಾ

ತಾ.ಕ.: ಬಾಲರಾಜ, ಇಷ್ಟನ್ನು ಅವ್ವನ ಕಿವಿಯಲ್ಲಿ ಮಾತ್ರ ಓದು. ಅವ್ವ, ಚೀಲ ಬಿಚ್ಚಿದಾಗ ನಿನ್ನ ಮಣ್ಣಿನ ವಾಸನೆಗೆ ಬಾಯಲ್ಲಿ ನೀರೂರಿತು. ನಾನು ಹೊಟ್ಟೆಯಲ್ಲಿದ್ದಾಗ ನಿನಗೂ ಹೀಗೇ ಮಣ್ಣಿನ ಬಯಕೆ ಆಗಿತ್ತಂತಲ್ಲ? ತಿಂದಿಲ್ಲ, ಬೈಯಬೇಡ. ಬಸಳೆ ಕಳಿಸು.